ಎರಡನೇ ಗುಂಪು ಕೂರುವ ಮೊದಲು

ಕೊನೆಯ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬರುತ್ತಿದ್ದಂತೆ ಪ್ರಾಂಶುಪಾಲರಿಂದ ಕರೆ ಬಂತು. ಮಸಾಲೆ ಪದಾರ್ಥ, ಜೇನು ಕೊಂಡು ಮಾರುವ ಒಂದು ಕಂಪನಿಯವರು ದೀಪಾವಳಿ ಕಳೆದ ಮೇಲೆ ಶಿರಸಿಯ ನಮ್ಮ ಕಾಲೇಜಿಗೆ ಬರುವವರಿದ್ದರು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಿಗೆ ಅವರಿಗೆ ಕ್ಷೇತ್ರ ಸಂಯೋಜಕರು ಬೇಕಾಗಿತ್ತು. ಹಳ್ಳಿಗಳಿಗೆ ಹೋಗಿ ಬೆಳೆಗಾರರ ಸಭೆ ಸೇರಿಸುವುದು, ಅವರ ಮಾತು ಕೇಳಿಕೊಂಡು ಬಂದು ಕಂಪನಿಗೆ ಮುಟ್ಟಿಸುವುದು ಕೆಲಸ. ಮೊದಲ ಸುತ್ತಿನಲ್ಲಿ ಗುಂಪು ಚರ್ಚೆ, ಅದರಲ್ಲಿ ಉಳಿದವರಿಗೆ ಸಂದರ್ಶನ. ನಮ್ಮ ಕೊನೆಯ ವರ್ಷದ ಬಿ.ಕಾಂ. ತರಗತಿಯಲ್ಲಿ ಹುಡುಗಿಯರೇ ಹೆಚ್ಚು. ಆದರೂ ಹಿಂದಿನ ವರ್ಷ ಇಂಥದೇ ಆಯ್ಕೆಯಲ್ಲಿ ಗುಂಪು ಚರ್ಚೆ ದಾಟಿ ಹೋದ ಹುಡುಗಿ ಒಬ್ಬಳೂ ಇರಲಿಲ್ಲ.

"ಹೆಣ್ಣುಮಕ್ಕಳಿಗೆ ಸ್ವಲ್ಪ ಬಾಯಿ ಬರೋ ಹಾಗೆ ಮಾಡಿ. ಓದೋದ್ರಲ್ಲಿ ಮುಂದೆ ಇದ್ದಾರೆ, ನಾಲ್ಕು ಜನರ ಜೊತೆ ಕೂರಿಸಿದ್ರೆ ಕಲ್ಲು" ಎಂದರು ಪ್ರಾಂಶುಪಾಲರು.

ಆಗಲಿ ಎಂದೆ. ನಾನು ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಹೊಸದಾಗಿ ಕರೆ ಬಂದರೆ ಮಾತ್ರ ಕೆಲಸ, ಬಾರದಿದ್ದರೆ ಬನವಾಸಿಯ ಮನೆಗೆ ವಾಪಸ್ಸು. ಸ್ಟಾಫ್ ಮೀಟಿಂಗಿನಲ್ಲಿ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ಇರುವಷ್ಟರಲ್ಲಿ ವಿಷಯ ಮುಂದೆ ಹೋಗಿಬಿಡುವುದು ನನಗೆ ಮಾಮೂಲಾಗಿತ್ತು. ಅಂಥವಳ ಕೈಗೆ ಈ ಕೆಲಸ ಬಂದಿತ್ತು. ಯಾರಿಗಾದರೂ ಗೊತ್ತಾದರೆ ನಕ್ಕಾರು ಎಂಬ ಅಳುಕಿನಲ್ಲೇ ಶುರು ಮಾಡಿದೆ.

ಬೆಂಚುಗಳನ್ನು ಗೋಡೆಗೆ ಸರಿಸಿ, ಸ್ಟಾಫ್ ರೂಮಿನಿಂದ ಕುರ್ಚಿ ತಂದು ವೃತ್ತಾಕಾರವಾಗಿ ಹಾಕಿಸಿದೆ. ಒಂದು ಗುಂಪಿಗೆ ನಾಲ್ಕು ಹುಡುಗರು, ನಾಲ್ಕು ಹುಡುಗಿಯರು. ವಿಷಯ ಕೊಟ್ಟ ಕೂಡಲೇ ಚರ್ಚೆ ಶುರುವಾಗಬೇಕು, ಹತ್ತು ನಿಮಿಷ ನಾನು ಬಾಯಿ ಹಾಕುವಂತಿಲ್ಲ. ಮೊದಲ ದಿನದ ವಿಷಯ, ಹಳ್ಳಿಗೆ ಮೊದಲು ಬೇಕಾದದ್ದು ರಸ್ತೆಯೋ ಆಸ್ಪತ್ರೆಯೋ. ಹೇರೂರಿನ ಹುಡುಗನೊಬ್ಬ ಕೂತಲ್ಲೇ ಮುಂದಕ್ಕೆ ಬಾಗಿ ಶುರು ಮಾಡಿದ. ಅವನ ಅಪ್ಪ ಯಕ್ಷಗಾನದ ತಾಳಮದ್ದಳೆಯಲ್ಲಿ ಪಾತ್ರವಾಗಿ ಕೂತು ಅರ್ಥ ಹೇಳುವವರು, ಎದುರಿನವರ ಮಾತಿನ ಕೊಂಡಿ ಹಿಡಿದು ತನ್ನ ಮಾತು ಬೆಳೆಸುವುದು ಇವನಿಗೂ ಚಿಕ್ಕಂದಿನಿಂದ ರೂಢಿ. ಉಳಿದ ಹುಡುಗರು ಅವನ ಜೊತೆ ಪೈಪೋಟಿಗಿಳಿದರು. ಹುಡುಗಿಯರು ಏನೂ ಮಾತಾಡಲಿಲ್ಲ ಎಂದೇ ಆ ಹೊತ್ತಿಗೆ ನನಗನ್ನಿಸಿತು.

ಮೊಬೈಲಿನಲ್ಲಿ ಚರ್ಚೆಯನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಸಂಜೆ ರೂಮಿಗೆ ಬಂದು ಚಹಾ ಮಾಡಿಕೊಂಡು ಅದನ್ನು ಕೇಳತೊಡಗಿದಾಗ ನನ್ನ ಲೆಕ್ಕ ತಪ್ಪಿತ್ತೆಂದು ತಿಳಿಯಿತು. ಹುಡುಗಿಯರು ಮಾತಾಡಿದ್ದರು. ಅಂದರೆ, ಮಾತು ಶುರು ಮಾಡಿದ್ದರು. "ಅದು ಹಾಗಲ್ಲ" ಎಂದು ಒಂದು ದನಿ. "ನಮ್ಮೂರಲ್ಲಿ" ಎಂದು ಇನ್ನೊಂದು. "ನಂಗನಿಸೂದು ಎಂತ ಅಂದ್ರೆ" ಎಂದು ಮತ್ತೊಂದು. ಪ್ರತಿಯೊಂದರ ಮೇಲೂ ಯಾವುದಾದರೂ ಹುಡುಗನ ದನಿ ಬಂದು ಕೂರುತ್ತಿತ್ತು. ಬರುಬರುತ್ತಾ ಆ ಶುರುಗಳೂ ನಿಂತುಹೋಗಿದ್ದವು. ಅದೇ ಕೋಣೆಯಲ್ಲಿ ಕೂತಿದ್ದ ನನ್ನ ಕಿವಿಗೂ ಅವು ಬಿದ್ದಿರಲಿಲ್ಲ ಎನ್ನುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಂಗೆಡಿಸಿತು.

ಮರುದಿನ ಹುಡುಗಿಯರನ್ನಷ್ಟೇ ಕೂರಿಸಿದೆ. ಅದೇ ವಿಷಯ. ಕೋಣೆಯ ಸದ್ದಿಗೆ ಪಕ್ಕದ ತರಗತಿಯವರು ಬಂದು ಇಣುಕಿದರು. ಹುಲಗೋಳದ ಹುಡುಗಿ ಮೆತ್ತಗಿನ ಸ್ವಭಾವದವಳು, ಅವಳು ಎಲ್ಲರ ಮಾತನ್ನೂ ಒಟ್ಟು ಸೇರಿಸಿ ಮುಗಿಸಿದ ರೀತಿ ನೋಡಿ ನನಗೆ ಸಂತೋಷವಾಯಿತು. ಇಡಗುಂದಿಯ ಹುಡುಗಿಯಂತೂ ಕುರ್ಚಿಯ ತುದಿಗೆ ಬಂದು ಕೈ ಆಡಿಸುತ್ತಾ ವಾದ ಮಾಡಿದಳು. ಶಿರಸಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಆ ಹುಡುಗಿ ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು. ಅಪ್ಪ ಅಮ್ಮ ಇರುವ ತುಂಡು ಗದ್ದೆ ಮಾಡಿಕೊಂಡು, ಉಳಿದ ದಿನಗಳಲ್ಲಿ ಕಾಡಿನ ಕೆಲಸಕ್ಕೆ ಹೋಗುವವರು. ಊರಿನ ಹತ್ತಿರವೇ ಸಿಗುವ ಈ ಕೆಲಸ ಅವಳಿಗೆ ಬೇಕೇ ಬೇಕಿತ್ತು. ಸಿಗದಿದ್ದರೆ ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಗೆ ಸೇರಿಸುವುದೆಂದು ಅವಳ ಸೋದರಮಾವ ಆಗಲೇ ಮಾತಾಡಿ ಬಂದಿದ್ದರು.

ಹೆದರಿಕೆ ಹೋಯಿತು, ಇನ್ನು ತೊಂದರೆಯಿಲ್ಲ ಎಂದುಕೊಂಡು ಮೂರನೇ ದಿನ ಮತ್ತೆ ಹುಡುಗರ ಜೊತೆ ಕೂರಿಸಿದೆ. ಹುಡುಗಿಯರೆಲ್ಲ ಮತ್ತೆ ತಣ್ಣಗಾದರು. ಹಿಂದಿನ ದಿನ ಅಷ್ಟು ಮಾತಾಡಿದವರು ಇವರೇನಾ ಎನ್ನುವ ಹಾಗೆ.

ಆಮೇಲಿನ ವಾರವೆಲ್ಲ ನಾನು ಹುಡುಗಿಯರನ್ನು ತಿದ್ದುವುದಕ್ಕೇ ಹಿಡಿದೆ. ಬೆನ್ನು ಕುರ್ಚಿಗೆ ಆನಿಸಬಾರದು. ಕೈ ತೊಡೆಯ ಮೇಲೆ ಮಡಚಿಕೊಳ್ಳಬಾರದು. "ತಪ್ಪಿದ್ರೆ ಕ್ಷಮಿಸಿ" ಎಂದು ಶುರು ಮಾಡಬಾರದು. ಮೊದಲ ವಾಕ್ಯದಲ್ಲೇ ಅಭಿಪ್ರಾಯ ಹೇಳಿ, ಕಾರಣ ಆಮೇಲೆ ಕೊಡಬೇಕು. ಯಾರಾದರೂ ನಡುವೆ ಬಂದರೆ ದನಿ ಇಳಿಸದೆ ವಾಕ್ಯ ಮುಗಿಸಬೇಕು. ಕೆಲವರಿಗೆ ಇನ್ನೊಂದು ಭಯ ಇತ್ತು, ಮಾತಿನ ಭರದಲ್ಲಿ ಮನೆಮಾತು ಬಾಯಿಗೆ ಬಂದೀತೆಂದು. "ನಾನು ಅನ್ನೂ ಬದ್ಲು ಆನು ಅಂತ ಬಂದುಬಿಟ್ರೆ ಎಂತ ಮಾಡೂದು ಮೇಡಂ" ಎಂದು ಹುಲಗೋಳದ ಹುಡುಗಿ ಕೇಳಿದಳು. ಬಂದರೆ ಬರಲಿ, ನಿಲ್ಲಬೇಡ ಎಂದೆ. ನನ್ನ ಬಾಯಲ್ಲೂ "ಬರ್ರಿ, ಕುಂದರ್ರಿ" ಬರುತ್ತದೆ, ಬಂದಾಗ ಇವರೇ ಮುಸಿಮುಸಿ ನಗುತ್ತಾರೆ, ಅದಕ್ಕೆ ನಾನೇನು ಪಾಠ ನಿಲ್ಲಿಸಿದ್ದೇನೆಯೇ ಎಂದಾಗ ಎಲ್ಲರೂ ನಕ್ಕರು.

ಇದನ್ನೆಲ್ಲ ಚೆನ್ನಾಗಿ ಕಲಿತವಳು ಇಡಗುಂದಿಯ ಹುಡುಗಿ. ಹಾಗಾಗಿ ಪೆಟ್ಟೂ ಅವಳಿಗೇ ಬಿತ್ತು.

ಆಯ್ಕೆಗೆ ಮುಂಚೆ ಒಂದು ಅಣಕು ಚರ್ಚೆ ಮಾಡಿ, ಹೊರಗಿನವರೊಬ್ಬರಿಂದ ಅಭಿಪ್ರಾಯ ಹೇಳಿಸೋಣ ಎಂದು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರನ್ನು ಕರೆಸಿದೆವು. ಸಜ್ಜನರು. ಚರ್ಚೆಯ ನಡುವೆ ಹೇರೂರಿನ ಹುಡುಗ ಎಂದಿನಂತೆ ಅವಳ ಮಾತಿನೊಳಗೆ ನುಗ್ಗಿದ. ಅವಳು ನಿಲ್ಲಲಿಲ್ಲ. ದನಿ ಏರಿಸಿ, ತನ್ನ ಮಾತು ಇನ್ನೂ ಮುಗಿದಿಲ್ಲ ಎಂದು ಹೇಳಿ, ಮುಗಿಸಿದಳು. ಸ್ವಲ್ಪ ಹೊತ್ತಿಗೆ ಅವನ ಮಾತಿನ ನಡುವೆಯೂ ಒಮ್ಮೆ ನುಗ್ಗಿದಳು. ನನಗೆ ಒಳಗೇ ಹೆಮ್ಮೆ.

ಕೊನೆಯಲ್ಲಿ ಅಧಿಕಾರಿಗಳು ಒಬ್ಬೊಬ್ಬರ ಬಗ್ಗೆ ಹೇಳುತ್ತಾ ಬಂದರು. ಹುಡುಗನಿಗೆ ಮುಂದಾಳುತನ ಇದೆ ಎಂದರು. ಅವಳ ಸರದಿ ಬಂದಾಗ, "ಈ ಹುಡುಗಿಗೆ ವಿಷಯ ಗೊತ್ತುಂಟು. ಆದ್ರೆ ಧಾಟಿ ಸ್ವಲ್ಪ ಜೋರಾಯ್ತು. ಜಗಳಕ್ಕೆ ನಿಂತ ಹಾಗೆ ಕಾಣ್ತದೆ. ಹೆಣ್ಣುಮಕ್ಕಳು ಸ್ವಲ್ಪ ಮೃದುವಾಗಿ ಹೇಳಿದ್ರೆ ಚಂದ" ಎಂದರು. ಕೋಣೆಯಲ್ಲಿ ಒಂದು ಸಣ್ಣ ನಗು ಹರಿದಾಡಿತು. ಇಬ್ಬರೂ ಮಾಡಿದ್ದು ಒಂದೇ ಎಂದು ಹೇಳಲು ನನ್ನ ನಾಲಗೆ ತುದಿಯಲ್ಲಿ ಮಾತಿತ್ತು. ಅತಿಥಿಗಳು, ಹಿರಿಯರು, ಪಕ್ಕದಲ್ಲೇ ಪ್ರಾಂಶುಪಾಲರು. ಅಷ್ಟರಲ್ಲಿ ಅಧಿಕಾರಿಗಳು ಮುಂದಿನ ವಿದ್ಯಾರ್ಥಿಗೆ ಹೋಗಿದ್ದರು.

ಮರುದಿನ ಅವಳು ತರಬೇತಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಊರಿಗೆ ಹೋಗಿದ್ದಾಳೆ, ಆಯ್ಕೆಗೆ ಕೂರುವುದಿಲ್ಲವಂತೆ ಎಂದು ಹುಲಗೋಳದ ಹುಡುಗಿ ಹೇಳಿದಳು. ಫೋನ್ ಮಾಡಿದರೆ ಸಿಗಲಿಲ್ಲ. ನನಗೆ ಪಾಠ ಮಾಡುವಾಗಲೂ ಅದೇ ಯೋಚನೆ. ಅವಳನ್ನು ಹಾಗೆ ಮಾತಾಡು ಎಂದು ಕಲಿಸಿದವಳು ನಾನು. ಅವಳು ಕಂಪನಿಯವರ ಎದುರೂ ಹಾಗೇ ಮಾತಾಡಿ, ಅವರೂ ಹೀಗೇ ಹೇಳಿದರೆ?

ಭಾನುವಾರ ಯಲ್ಲಾಪುರಕ್ಕೆ ಹೋಗಿ, ಅಲ್ಲಿಂದ ಬೇರೆ ಬಸ್ಸು ಹಿಡಿದು ಇಡಗುಂದಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಅವಳ ಅಮ್ಮ ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. "ಅಕ್ಕೋರೇ, ಇಷ್ಟು ದೂರ ಬಂದ್ರಾ? ಇವ್ಳು ಏನಾದ್ರೂ ತಪ್ಪು ಮಾಡಿದ್ಲಾ?" ಎಂದು ಗಾಬರಿಯಿಂದ ಕೇಳಿದರು. ತಪ್ಪೇನೂ ಇಲ್ಲ ಎಂದೆ. ಕಷಾಯ ಕಾಸಲು ಅವರು ಒಳಗೆ ಹೋದ ಮೇಲೆ ಹುಡುಗಿ ಜಗುಲಿಯ ಕಂಬಕ್ಕೆ ಒರಗಿ ನಿಂತಳು. ಆ ಅಧಿಕಾರಿಗಳ ಮಾತನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ನಾನು ಶುರು ಮಾಡಿದೆ.

ಅವಳು ಸಿಟ್ಟಾಗಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

"ಮಾತಾಡದಿದ್ರೆ ಧೈರ್ಯ ಇಲ್ಲ ಅಂತಾರೆ, ಮಾತಾಡಿದ್ರೆ ಜೋರು ಅಂತಾರೆ. ಎಷ್ಟು ಮಾತಾಡ್ಬೇಕು ಅಂತ ನೀವೇ ಹೇಳಿ ಮೇಡಂ. ಅಷ್ಟೇ ಮಾತಾಡ್ತೆ."

ನನಗೂ ಗೊತ್ತಿಲ್ಲ ಎಂದೆ. ಕಷಾಯ ಕುಡಿದು, ಬರುವುದಾದರೆ ಬಾ, ಬಲವಂತ ಇಲ್ಲ ಎಂದು ಹೇಳಿ ಬಸ್ಸಿಗೆ ಬಂದೆ.

ವಾಪಸ್ಸು ಬರುವಾಗ ಅವಳ ಪ್ರಶ್ನೆಯನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಇಷ್ಟು ದಿನ ನಾನು ಹುಡುಗಿಯರ ಬೆನ್ನು, ಕೈ, ದನಿ ತಿದ್ದುತ್ತಿದ್ದೆ. ಅವರ ಮಾತು ತುಂಡಾಗುತ್ತಿದ್ದ ಜಾಗವನ್ನು ಮುಟ್ಟಿಯೇ ಇರಲಿಲ್ಲ. ಚರ್ಚೆಯ ಕ್ರಮವೇ ಬೇರೆಯಾಗಬೇಕಿತ್ತು.

ಸೋಮವಾರ ಹುಡುಗರನ್ನೂ ಹುಡುಗಿಯರನ್ನೂ ಒಟ್ಟಿಗೆ ಕೂರಿಸಿ ಮೊದಲ ದಿನದ ರೆಕಾರ್ಡಿಂಗ್ ಕೇಳಿಸಿದೆ. ಯಾರ ಹೆಸರನ್ನೂ ಹೇಳಲಿಲ್ಲ. ಮೊದಮೊದಲು ನಗು ಇತ್ತು, ಆಮೇಲೆ ಇರಲಿಲ್ಲ. ಹೇರೂರಿನ ಹುಡುಗ ತಲೆ ತಗ್ಗಿಸಿ ಕೂತು ಕೇಳಿದ. ಮುಗಿದ ಮೇಲೆ, "ನಾ ಇಷ್ಟೆಲ್ಲ ಮಧ್ಯ ಮಧ್ಯ ಬಾಯಿ ಹಾಕ್ತೆ ಅಂತ ನಂಗೇ ಗೊತ್ತಿರ್ಲಿಲ್ಲ" ಎಂದ. ಸ್ವಲ್ಪ ತಡೆದು, "ನಿಲ್ಸಿದ್ರೆ ಮತ್ತೆ ಅವಕಾಶ ಸಿಗೂದಿಲ್ಲ ಅಂತ ಹೆದರಿಕೆ ಮೇಡಂ. ಅದಕ್ಕೇ ಬಿಡೂದಿಲ್ಲ" ಎಂದ. ಅಷ್ಟು ನಿರರ್ಗಳವಾಗಿ ಮಾತಾಡುವವನ ಹಿಂದೆಯೂ ಹೆದರಿಕೆ ಇದ್ದೀತೆಂದು ನಾನು ಎಣಿಸಿರಲಿಲ್ಲ.

ಅಂದಿನಿಂದ ಕ್ರಮ ಬದಲಾಯಿಸಿದೆವು. ವಿಷಯ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ಯೋಚಿಸಬೇಕು. ಆಮೇಲೆ ಕೂತ ಸಾಲಿನಲ್ಲೇ ಒಂದು ಸುತ್ತು ಒಬ್ಬೊಬ್ಬರು ಮಾತಾಡಬೇಕು. ಆ ಸುತ್ತಿನಲ್ಲಿ ಯಾರೂ ಯಾರನ್ನೂ ತಡೆಯುವಂತಿಲ್ಲ. ಅದಾದ ಮೇಲೆ ಚರ್ಚೆ ಮುಕ್ತ. ಒಮ್ಮೆ ಪೂರ್ತಿ ಮಾತಾಡಿದವರು ಎರಡನೇ ಸಲ ಮಾತಾಡಲು ಅಷ್ಟು ಹಿಂಜರಿಯುತ್ತಿರಲಿಲ್ಲ. ಬುಧವಾರ ಇಡಗುಂದಿಯ ಹುಡುಗಿ ತಾನಾಗಿ ಬಂದು ಖಾಲಿ ಇದ್ದ ಕುರ್ಚಿಯಲ್ಲಿ ಕೂತಳು.

ಆದರೆ ಕಂಪನಿಯವರು ತಮ್ಮ ಕ್ರಮದಲ್ಲೇ ಚರ್ಚೆ ಮಾಡಿಸುವವರು. ನಮ್ಮ ಕ್ರಮದಲ್ಲಿ ಮಾಡಿಸಿ ಎಂದು ಅವರನ್ನು ಮೊದಲೇ ಕೇಳಿಕೊಂಡರೆ ಹೇಗೆ ಎಂದು ಪ್ರಾಂಶುಪಾಲರ ಹತ್ತಿರ ಹೋದೆ. ಅವರು ಪೂರ್ತಿ ಕೇಳುವ ಮೊದಲೇ ಬೇಡ ಎಂದರು. ಕಂಪನಿಯವರ ಕೆಲಸ, ಅವರ ನಿಯಮ. ನಾವು ಬುದ್ಧಿ ಹೇಳಲು ಹೋದರೆ ಮುಂದಿನ ವರ್ಷ ಈ ಕಡೆ ತಲೆ ಹಾಕಲಿಕ್ಕಿಲ್ಲ ಎಂಬುದು ಪ್ರಾಂಶುಪಾಲರ ಆತಂಕ. ಅದೂ ಸುಳ್ಳಲ್ಲ. ನಾನು ಎದ್ದು ಬಂದೆ.

ಆಯ್ಕೆ ಶನಿವಾರ ನಡೆಯಿತು. ಸಿದ್ದಾಪುರ, ಯಲ್ಲಾಪುರದ ಕಾಲೇಜುಗಳ ವಿದ್ಯಾರ್ಥಿಗಳೂ ಬಂದಿದ್ದರು. ಕಂಪನಿಯಿಂದ ಇಬ್ಬರು, ಒಬ್ಬರು ಹಿರಿಯ ವ್ಯವಸ್ಥಾಪಕರು, ಇನ್ನೊಬ್ಬರು ಚಿಕ್ಕ ವಯಸ್ಸಿನ ಮಹಿಳಾ ಅಧಿಕಾರಿ. ಸಭಾಂಗಣದ ನಡುವೆ ಕುರ್ಚಿಗಳು, ಗೋಡೆಯ ಪಕ್ಕದಲ್ಲಿ ಉಪನ್ಯಾಸಕರಾದ ನಾವು. ಮೊದಲ ಗುಂಪಿನ ಚರ್ಚೆ ಶುರುವಾಯಿತು. ರೆಕಾರ್ಡಿಂಗಿನಲ್ಲಿ ಕೇಳಿದ್ದೇ ಕಣ್ಣೆದುರು ನಡೆಯುತ್ತಿತ್ತು. ಮೂವರು ಹುಡುಗರು ಮಾತನ್ನು ತಮ್ಮ ತಮ್ಮಲ್ಲೇ ಹಂಚಿಕೊಂಡರು. ಅವರಲ್ಲಿ ಇಬ್ಬರು ಬೇರೆ ಕಾಲೇಜಿನವರು, ನಮ್ಮ ಅಭ್ಯಾಸ ಅವರಿಗೆ ಗೊತ್ತೂ ಇಲ್ಲ. ಸಿದ್ದಾಪುರದ ಹುಡುಗಿಯೊಬ್ಬಳು ಎರಡು ಸಲ ಬಾಯಿ ತೆರೆದು ಮುಚ್ಚಿದಳು. ಇನ್ನೊಬ್ಬಳು ಕೊನೆಯವರೆಗೂ ದುಪಟ್ಟಾದ ಅಂಚನ್ನೇ ಸುತ್ತುತ್ತಾ ಕೂತಿದ್ದಳು.

ಮೊದಲ ಗುಂಪು ಎದ್ದು ಹೋಯಿತು. ಎರಡನೇ ಗುಂಪಿನವರು ಬಾಗಿಲಲ್ಲಿ ಬಂದು ನಿಂತರು. ಅದರಲ್ಲಿ ಹೇರೂರಿನ ಹುಡುಗನಿದ್ದ, ಹುಲಗೋಳದವಳಿದ್ದಳು, ಇಡಗುಂದಿಯವಳಿದ್ದಳು. ಅವರು ಕೂತ ಮೇಲೆ ನಾನು ಏನು ಹೇಳಿದರೂ ಪ್ರಯೋಜನವಿರಲಿಲ್ಲ. ಈ ಸಲವೂ ಮಾತು ಜೋಡಿಸಿಕೊಳ್ಳುತ್ತಾ ಕೂತರೆ ಆಗುವುದಿಲ್ಲವೆಂದು ಜೋಡಿಸಿಕೊಳ್ಳದೆಯೇ ಎದ್ದು ನಿಂತೆ.

"ಸರ್, ಈ ಗುಂಪಿಗೆ ಮೊದಲು ಒಂದು ಸುತ್ತು ಎಲ್ಲರಿಗೂ ಮಾತಾಡಲು ಬಿಟ್ಟು, ಆಮೇಲೆ ಚರ್ಚೆ ಮಾಡಿಸಬಹುದಾ?"

ಪ್ರಾಂಶುಪಾಲರು ನನ್ನ ಕಡೆ ತಿರುಗಿದ್ದು ಗೊತ್ತಾಯಿತು. ನಾನು ಅತ್ತ ನೋಡಲಿಲ್ಲ. ವ್ಯವಸ್ಥಾಪಕರು ನಗುತ್ತಲೇ, "ಮೇಡಂ, ಇಲ್ಲೇ ಬಾಯಿ ಬಿಡದವರು ಹಳ್ಳಿಯಲ್ಲಿ ಹೋಗಿ ಸಭೆ ಹೇಗೆ ಮಾಡ್ತಾರೆ?" ಎಂದರು. ನಾನು ಉತ್ತರ ಹೇಳಲು ಹೋದೆ, ಅಷ್ಟರಲ್ಲಿ, ಹುಡುಗಿಯರಿಗೆ ರಿಯಾಯಿತಿ ಕೇಳುತ್ತಿದ್ದೀರಾ ಎಂದು ಇನ್ನೊಂದು ಪ್ರಶ್ನೆ ಹಾಕಿದರು. ನನ್ನ ದನಿ ಒಡೆಯಿತು. ಕೆಮ್ಮಿ ಮತ್ತೆ ಶುರು ಮಾಡಿದೆ.

"ರಿಯಾಯಿತಿ ಬ್ಯಾಡ ಸರ್. ಎಲ್ಲಾರಿಗೂ ಒಂದೇ ನಿಯಮ ಇರ್ಲಿ. ಸಭೆ ನಡೆಸೋರು ಬೇರೆಯವರನ್ನ ಮಾತಾಡಿಸಬೇಕಲ್ಲ, ಅದೇ ಅಲ್ವಾ ನಿಮ್ಮ ಕೆಲಸ? ಈಗ ಇಲ್ಲಿ ಬೇರೆಯವರ ಮಾತು ನಿಲ್ಲಿಸಿದವರಷ್ಟೇ ನಿಮಗೆ ಕಂಡ್ರು. ಉಳಿದವರಿಗೆ ಏನು ಗೊತ್ತು ಅಂತ ನಿಮಗೂ ಗೊತ್ತಾಗ್ಲಿಲ್ಲ."

ಊರಿನ ಮಾತು ನಡುವೆ ನುಸುಳಿದ್ದು ಹೇಳಿದ ಮೇಲೆ ಗಮನಕ್ಕೆ ಬಂತು. ಯಾರೂ ನಗಲಿಲ್ಲ. ಮಹಿಳಾ ಅಧಿಕಾರಿ ವ್ಯವಸ್ಥಾಪಕರ ಕಡೆ ಬಾಗಿ ಮೆಲ್ಲಗೆ ಏನೋ ಹೇಳಿದ ಮೇಲೆ ಅವರು ಆಗಲಿ ಎಂದರು. ಹಾಗಾದರೆ ಮೊದಲ ಗುಂಪಿನವರಿಗೆ ಅನ್ಯಾಯವಾಗುವುದಿಲ್ಲವೇ ಎಂದು ಯಲ್ಲಾಪುರದ ಉಪನ್ಯಾಸಕರು ಎದ್ದರು. ಅದು ನ್ಯಾಯವಾದ ಮಾತೇ. ನನಗೆ ಹೊಳೆದಿರಲಿಲ್ಲ. ಅವರನ್ನೂ ಕೊನೆಯಲ್ಲಿ ಇನ್ನೊಮ್ಮೆ ಇದೇ ಕ್ರಮದಲ್ಲಿ ಕೂರಿಸುವುದೆಂದು ತೀರ್ಮಾನವಾಯಿತು. ಒಂದೇ ಸುತ್ತು, ಚುಟುಕಾಗಿ, ಆಮೇಲೆ ಎಂದಿನಂತೆ ಎಂದು ವ್ಯವಸ್ಥಾಪಕರು ಗಡಿಯಾರ ನೋಡಿಕೊಂಡು ಹೇಳಿದರು. ಅವರಿಗೆ ಅದು ಅಷ್ಟೇನೂ ಹಿಡಿಸಿದಂತೆ ಕಾಣಲಿಲ್ಲ.

ವಿಷಯ, ಹಳ್ಳಿಯ ವ್ಯವಹಾರವೆಲ್ಲ ಮೊಬೈಲಿನಲ್ಲಿ ನಡೆಯುವುದು ಒಳ್ಳೆಯದೇ ಎಂಬುದು. ಹೇರೂರಿನ ಹುಡುಗ ಹೇಳಿ ಮುಗಿಸಿದ. ಹುಲಗೋಳದವಳು ಹೇಳಿದಳು. ಇಡಗುಂದಿಯವಳ ಸರದಿ ಬಂತು. ಅವಳು ಸುಮ್ಮನೆ ಕೂತಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ವ್ಯವಸ್ಥಾಪಕರು ಪೆನ್ನು ಮೇಜಿಗೆ ಕುಟ್ಟಿದರು. ಇಷ್ಟೆಲ್ಲ ಮಾಡಿ ಅವಳನ್ನು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಸಿಕ್ಕಿಸಿ ಹಾಕಿದೆನಲ್ಲ ಎಂದುಕೊಂಡೆ.

ಆಮೇಲೆ ಶುರು ಮಾಡಿದಳು. ಅವರ ಮನೆಯಲ್ಲಿರುವುದು ಒಂದೇ ಮೊಬೈಲ್, ಅದು ಅಪ್ಪನ ಜೇಬಿನಲ್ಲಿರುತ್ತದೆ, ಅಮ್ಮ ಕಾಡಿನಿಂದ ತಂದು ಒಣಗಿಸಿದ ಮಸಾಲೆ ಪದಾರ್ಥದ ದರ ಏನಾಯಿತೆಂದು ಅಮ್ಮನಿಗೆ ತಿಳಿಯುವುದು ಅಪ್ಪ ಹೇಳಿದರೆ ಮಾತ್ರ ಎಂದಳು. ಮೊಬೈಲ್ ಬೇಡ ಎನ್ನುವುದಿಲ್ಲ, ಆದರೆ ಸಭೆಯಲ್ಲಿ ಹೆಂಗಸರಿಗೂ ದರ ಹೇಳಬೇಕು ಎಂದು ಮುಗಿಸಿದಳು. ಮುಕ್ತ ಚರ್ಚೆ ಶುರುವಾದ ಕೂಡಲೇ ಬೇರೆ ಕಾಲೇಜಿನ ಒಬ್ಬ ಅವಳ ಮಾತನ್ನು ಕಡಿದ. ಹೇರೂರಿನ ಹುಡುಗ ಮುಂದಕ್ಕೆ ಬಾಗಿದವನು ಅಲ್ಲೇ ತಡೆದುಕೊಂಡ, ಅವಳ ಪರವಾಗಿಯೂ ಏನೂ ಹೇಳಲಿಲ್ಲ. ಅವಳೇ ದನಿ ಏರಿಸಿದಳು, ಅಣಕು ಚರ್ಚೆಯಲ್ಲಿ ಏರಿಸಿದಷ್ಟೇ. ನಾನು ವ್ಯವಸ್ಥಾಪಕರ ಮುಖ ನೋಡಿದೆ. ಏನೂ ತಿಳಿಯಲಿಲ್ಲ.

ಸಂಜೆಗೆ ಸಂದರ್ಶನಗಳೂ ಮುಗಿದವು. ಚರ್ಚೆ ದಾಟಿದವರಲ್ಲಿ ಐದು ಹುಡುಗಿಯರಿದ್ದರು, ಮೊದಲ ಗುಂಪಿನಲ್ಲಿ ಬಾಯಿ ತೆರೆದು ಮುಚ್ಚಿದ್ದ ಸಿದ್ದಾಪುರದವಳೂ ಸೇರಿ. ಕೊನೆಗೆ ಕೆಲಸ ಸಿಕ್ಕಿದ್ದು ಆ ಸಿದ್ದಾಪುರದ ಹುಡುಗಿಗೆ, ಹುಲಗೋಳದ ಹುಡುಗಿಗೆ, ಹೇರೂರಿನ ಹುಡುಗನಿಗೆ ಮತ್ತು ಯಲ್ಲಾಪುರದ ಕಾಲೇಜಿನ ಒಬ್ಬನಿಗೆ. ಇಡಗುಂದಿಯವಳು ಸಂದರ್ಶನದವರೆಗೆ ಹೋಗಿದ್ದಳು. ಅವಳ ಹೆಸರು ಬರಲಿಲ್ಲ.

ಎಲ್ಲರೂ ಏಳುತ್ತಿದ್ದಾಗ ಅವಳು ಮೇಜಿನ ಹತ್ತಿರ ಹೋದಳು. "ಸರ್, ನಾನು ಎಂತಕ್ಕೆ ಆಗ್ಲಿಲ್ಲ ಅಂತ ಹೇಳ್ತೀರಾ?" ಎಂದು ಕೇಳಿದಳು. ವ್ಯವಸ್ಥಾಪಕರು ಇಂಥದ್ದನ್ನು ನಿರೀಕ್ಷಿಸಿರಲಿಲ್ಲವೇನೋ, ಹಾಳೆ ತಿರುವಿದರು. ಕಂಪ್ಯೂಟರ್ ಕೆಲಸದಲ್ಲಿ ಹಿಂದೆ ಇದ್ದೀ, ಅದೊಂದು ಕಲಿತುಕೋ ಎಂದರು. ಮುಂದಿನ ಆಯ್ಕೆ ಯಾವಾಗ ಎಂದು ಕೇಳಿದಳು. ಮಹಿಳಾ ಅಧಿಕಾರಿ ತಮ್ಮ ಫೋನ್ ನಂಬರ್ ಕೊಟ್ಟರು.

ಕುರ್ಚಿ ಎತ್ತಿಡುವಾಗ ಪ್ರಾಂಶುಪಾಲರು ನನ್ನ ಹತ್ತಿರ ಬಂದು, ಇಂಥದ್ದೇನಾದರೂ ಇದ್ದರೆ ಮೊದಲು ತಮ್ಮನ್ನು ಕೇಳಬೇಕಿತ್ತು ಎಂದರು.

"ಕೇಳಿದ್ದೆ ಸರ್" ಎಂದೆ.

ಮರುವರ್ಷ ನನಗೆ ಕರೆ ಬಂತು, ಉಳಿದವರಿಗಿಂತ ತಡವಾಗಿ. ಅಲ್ಲಿಯವರೆಗಿನ ದಿನಗಳನ್ನು ಹೇಗೆ ಕಳೆದೆನೆಂದು ನನಗೇ ಗೊತ್ತು.

ಆಯ್ಕೆಯ ದಿನ ಸಂಜೆ ಬಸ್ ಸ್ಟ್ಯಾಂಡಿನವರೆಗೆ ಇಡಗುಂದಿಯ ಹುಡುಗಿಯ ಜೊತೆ ನಡೆದುಹೋದೆ. ಹುಬ್ಬಳ್ಳಿಗೆ ಹೋಗುವುದಿಲ್ಲವೆಂದು ಮಾವನಿಗೆ ಹೇಳುತ್ತೇನೆ, ಯಲ್ಲಾಪುರದಲ್ಲೇ ಕಂಪ್ಯೂಟರ್ ಕ್ಲಾಸ್ ಸಿಗುತ್ತದೆ ಎಂದಳು. ಅವರು ಒಪ್ಪುತ್ತಾರಾ ಎಂದೆ. ಒಪ್ಪಲಿಕ್ಕಿಲ್ಲ ಎಂದಳು. ಯಲ್ಲಾಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಅವಳು ಅಂಗೈ ಬಿಡಿಸಿ ನೋಡಿಕೊಂಡಳು.

"ಅವರತ್ರ ಕೇಳಿದ್ನಲ್ಲ ಮೇಡಂ, ಇನ್ನೂ ನಡುಗ್ತಾ ಉಂಟು. ಇದು ಹೋಗೂದೇ ಇಲ್ವಾ?"

"ನಂದಂತೂ ಹೋಗಿಲ್ಲ" ಎಂದೆ.

ಅವಳು ನನ್ನ ಮುಖ ನೋಡಿ ನಕ್ಕಳು. ಬಸ್ಸು ಬಂತು, ಜನ ಬಾಗಿಲಿಗೆ ಮುತ್ತಿದರು. ಅವಳು ಬ್ಯಾಗನ್ನು ಎದೆಗೆ ಒತ್ತಿಕೊಂಡು ನಡುವೆ ನುಗ್ಗಿದಳು. ಯಾರೋ ಏನೋ ಗದರಿದರು. ಅವಳೂ ತಿರುಗಿ ಏನೋ ಹೇಳಿ ಹತ್ತಿಕೊಂಡಳು.